ಬಂಡೆಗೆ ಮೊದಲು ಪಹಣಿ, ಆಮೇಲೆ ಬೇಲಿ, ಕೊನೆಗೆ ಬೋರ್ಡು

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ನಮ್ಮೂರ ಹೊರಗಿನ ಗೋಮಾಳದಲ್ಲಿ ಕಪ್ಪು-ಹಸಿರು ಬಣ್ಣದ ಬಂಡೆಯೊಂದಿದೆ. ಅದರ ಮೈತುಂಬ ದಿಂಬುಗಳನ್ನು ಒಟ್ಟಿದಂಥ ಆಕಾರಗಳಿವೆ. ಮರಡಿಹಳ್ಳಿಯ ಪಿಲ್ಲೋ ಲಾವಾ (ನೀರಿನಡಿ ಉಕ್ಕಿ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ) ನೋಡಿ ಬಂದ ಮೇಲೆ ನಮ್ಮದೂ ಅದೇ ಇರಬಹುದು ಅನ್ನಿಸಿತು. ಪಕ್ಕದ ಸರ್ವೆ ನಂಬರಿನಲ್ಲಿ ಕಲ್ಲು ಕ್ವಾರಿಗೆ ಅರ್ಜಿ ಬಿದ್ದಿದೆ ಎಂಬ ಮಾತು ಓಡಾಡುತ್ತಿದೆ. ಈ ಬಂಡೆಯನ್ನು ಪಾರಂಪರಿಕ ತಾಣ ಎಂದು ಘೋಷಿಸಿ ಉಳಿಸಿಕೊಳ್ಳಬಹುದೆ? ಯಾರಿಗೆ ಬರೆಯಬೇಕು? ಘೋಷಣೆಯಾದರೆ ದನ-ಕುರಿ ಮೇಯಿಸಲು ಬಿಡುವುದಿಲ್ಲ ಎಂದು ಊರವರು ಅಂಜುತ್ತಿದ್ದಾರೆ.

ಉತ್ತರ: ಉಳಿಸಿಕೊಳ್ಳಬಹುದು, ಮೇಷ್ಟ್ರೆ. ಆದರೆ ಘೋಷಣೆಯಿಂದ ಶುರು ಮಾಡಬೇಡಿ. ಬಂಡೆ ಉಳಿಯುವುದು ಅದು ನಿಂತ ನೆಲದ ದಾಖಲೆಯಿಂದ ಮತ್ತು ಅದರ ಪಕ್ಕದಲ್ಲಿ ದಿನಾ ಓಡಾಡುವ ಜನರಿಂದ. ಘೋಷಣೆ ಬರುವುದು ಇವೆರಡೂ ಗಟ್ಟಿಯಾದ ಮೇಲೆ.

ಹೀಗೆ ಹೇಳುವುದಕ್ಕೆ ಕಾರಣ ನಮ್ಮ ರಾಜ್ಯದಲ್ಲೇ ಇದೆ. ಜಿಎಸ್‌ಐ ಎಂದು ಕರೆಯುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದ ತಾಣಗಳಲ್ಲಿ ನಾಲ್ಕು ಕರ್ನಾಟಕದವು: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ನಿಮ್ಮ ತಾಲ್ಲೂಕಿನದೇ ಆದ ಮರಡಿಹಳ್ಳಿಯ ಪಿಲ್ಲೋ ಲಾವಾ, ಕೋಲಾರ ಚಿನ್ನದ ಗಣಿ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು. ಲಾಲ್‌ಬಾಗ್ ಬಂಡೆಯನ್ನೇ ನೋಡಿ. ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ (gneiss) ಎಂಬ ಪಟ್ಟೆಪಟ್ಟೆಯ ಶಿಲೆ ಅದು. ದಕ್ಷಿಣ ಭಾರತದ ತಳಪಾಯದಂತಿರುವ ಈ ಜಾತಿಯ ಶಿಲೆಗೆ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್. ಬೆಂಗಳೂರಿನ ಸುತ್ತ ಇಂಥದ್ದೇ ನೈಸ್ ಬಂಡೆಗಳು ಎಷ್ಟೋ ಇದ್ದವು, ಒಡೆದು ಪಾಯಗಲ್ಲು, ಚಪ್ಪಡಿ, ಜಲ್ಲಿಯಾದವು. ಲಾಲ್‌ಬಾಗಿನದು ಉಳಿದದ್ದು ಅದರ ಮುಂದಿನ ಫಲಕದಿಂದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದು ತೋಟದ ಒಳಗೆ ಸೇರಿತು, ಈಗ ತೋಟಗಾರಿಕೆ ಇಲಾಖೆಯ ವಶದಲ್ಲಿದೆ, ಅಲ್ಲಿ ಯಾರೂ ಗುತ್ತಿಗೆ ಕೇಳುವಂತಿಲ್ಲ. ಸೇಂಟ್ ಮೇರೀಸ್‌ಗೆ ಸಮುದ್ರವೇ ಕಾವಲು. ಮಳೆಗಾಲದಲ್ಲಿ ದೋಣಿ ನಿಂತರೆ ಅಲ್ಲಿಗೆ ಪ್ರವಾಸಿಗರೂ ಬರುವುದಿಲ್ಲ. ನಿಮ್ಮ ಗೋಮಾಳದ ಬಂಡೆಗೆ ತೋಟವೂ ಇಲ್ಲ, ಸಮುದ್ರವೂ ಇಲ್ಲ. ಆ ಕಾವಲನ್ನು ನೀವೇ ಕಟ್ಟಬೇಕು.

ಅದಕ್ಕೂ ಮೊದಲು ಅದು ನಿಜವಾಗಿ ಪಿಲ್ಲೋ ಲಾವಾ ಹೌದೋ ಅಲ್ಲವೋ ಖಚಿತ ಮಾಡಿಕೊಳ್ಳಿ. ತಪ್ಪು ಗುರುತಿನ ಮೇಲೆ ಅರ್ಜಿ ಹೋದರೆ, ಮುಂದೆ ನಿಮ್ಮ ಭಾಗದ ನಿಜವಾದ ತಾಣಕ್ಕೂ ಬೆಲೆ ಸಿಗುವುದಿಲ್ಲ. ನಿಮ್ಮ ಸೀಮೆಯಲ್ಲಿ ಡಾಲರೈಟ್ ಎಂಬ ಕರಿಕಲ್ಲಿನ ದಿಂಡುಗಳು ನೆಲ ಸೀಳಿಕೊಂಡು ಹೋಗಿವೆ. ಅವು ಶಿಥಿಲವಾಗುವಾಗ ಈರುಳ್ಳಿಯಂತೆ ಪದರ ಪದರವಾಗಿ ಸುಲಿದು ಗುಂಡುಗಳಾಗುತ್ತವೆ. ದೂರದಿಂದ ದಿಂಬಿನ ಹಾಗೇ ಕಾಣುತ್ತವೆ. ಮೋಸ ಹೋಗುವುದು ಇಲ್ಲಿಯೇ.

ವ್ಯತ್ಯಾಸ ಕಾಣಬೇಕಾದರೆ ಬೆಳಗ್ಗೆ ಬಿಸಿಲು ಓರೆಯಾಗಿರುವಾಗ ಹೋಗಿ, ಒಂದು ಬಿಂದಿಗೆ ನೀರು ಸುರಿದು, ಕುಕ್ಕರುಗಾಲಿನಲ್ಲಿ ಕೂತು ನೋಡಿ. ಪಿಲ್ಲೋ ಲಾವಾ ಆಗಿದ್ದರೆ ಪ್ರತಿ ದಿಂಬಿಗೂ ಬೆರಳಗಲದ ಒಂದು ಅಂಚು ಇರುತ್ತದೆ. ಒಳಗಿನ ಕಲ್ಲಿಗಿಂತ ಅದರ ಬಣ್ಣ ಬೇರೆ, ಕಣಗಳು ಇನ್ನೂ ನುಣುಪು. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರು ತಾಗಿದ ಕೂಡಲೇ ಗಾಜಿನಂತೆ ಗಟ್ಟಿಯಾದ ಚರ್ಮ ಅದು. ನೀರು ಬಿದ್ದೊಡನೆ ಈ ಅಂಚು ಎದ್ದು ಕಾಣುತ್ತದೆ. ಅಂಚಿನ ಒಳಬದಿಗೆ ಎಳ್ಳಿನಿಂದ ಹೆಸರುಕಾಳಿನವರೆಗಿನ ಗಾತ್ರದ ಬಿಳಿ ಚುಕ್ಕೆಗಳು ಸಾಲಾಗಿ ಇರಬಹುದು. ಅವು ಲಾವಾದೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು, ಆಮೇಲೆ ಸುಣ್ಣದ ಖನಿಜವೋ ಬೆಣಚೋ ತುಂಬಿಕೊಂಡು ಉಳಿದಿವೆ. ಇನ್ನು ಆಕಾರ. ಬಿಸಿ ರಾಗಿಮುದ್ದೆಗಳನ್ನು ಒಂದರ ಮೇಲೊಂದು ಇಟ್ಟರೆ ಮೇಲಿನದು ಕೆಳಗಿನ ಎರಡರ ಸಂದಿಗೆ ಇಳಿದು ಕೂರುತ್ತದಲ್ಲ, ಹಾಗೆ. ಮೇಲ್ಭಾಗ ಉಬ್ಬು, ಕೆಳಭಾಗದಲ್ಲಿ ಸಂದಿಗೆ ಇಳಿದ ಚೂಪಾದ ಬಾಲ. ಮೂರು ದಿಂಬು ಸೇರುವ ಕಡೆ ಮುಕ್ಕೋನದ ತೆರಪು, ಅದರಲ್ಲಿ ಬೇರೆ ಬಣ್ಣದ ನುಣುಪು ಕಲ್ಲು. ಈ ಬಾಲ ಯಾವ ಕಡೆಗೆ ಇಳಿದಿದೆಯೋ ಅದು ಆ ಕಾಲದ ಕೆಳಗು. ಬಂಡೆ ಇಂದು ಓರೆಯಾಗಿ ಬಿದ್ದಿದ್ದರೂ, ತಲೆಕೆಳಗಾಗಿ ಮಗುಚಿದ್ದರೂ, ಸುಮಾರು 250 ಕೋಟಿ ವರ್ಷದ ಹಿಂದೆ ಮೇಲು ಯಾವುದು ಕೆಳಗು ಯಾವುದು ಎಂದು ಈ ಬಾಲಗಳು ಹೇಳಿಬಿಡುತ್ತವೆ. ಭೂವಿಜ್ಞಾನಿಗೆ ಪಿಲ್ಲೋ ಲಾವಾ ಅಷ್ಟು ಮುಖ್ಯವಾಗುವುದು ಈ ಕಾರಣಕ್ಕೆ. ಅದು ಅಲ್ಲಿ ಹಿಂದೆ ನೀರಿತ್ತು ಎಂಬುದಕ್ಕೆ ಸಾಕ್ಷಿ, ಪದರಗಳ ಕ್ರಮ ತಿಳಿಸುವ ಕೈಕಂಬವೂ ಹೌದು.

ಈರುಳ್ಳಿ ಸಿಪ್ಪೆಯ ಗುಂಡಿನಲ್ಲಿ ಇದ್ಯಾವುದೂ ಇರುವುದಿಲ್ಲ. ಗುಂಡಿನ ಸುತ್ತ ಮೆದು ಮಣ್ಣು, ಮುಟ್ಟಿದರೆ ಚಕ್ಕೆ ಏಳುವ ಪದರಗಳು, ನಡುವೆ ಗಟ್ಟಿ ತಿರುಳು, ಇಷ್ಟೆ. ಬಾಲವಿಲ್ಲ, ನುಣುಪಂಚಿಲ್ಲ. ಇನ್ನೊಂದು ಮಾತು: ನಿಮ್ಮ ಭಾಗದ ಶಿಲೆಗಳು ಭೂಮಿಯ ಒತ್ತಡಕ್ಕೆ ಸಿಕ್ಕಿ ನಜ್ಜಾಗಿವೆ. ಆದ್ದರಿಂದ ದಿಂಬುಗಳು ಅದುಮಿದ ಚಪಾತಿ ಉಂಡೆಯಂತೆ ಚಪ್ಪಟೆಯಾಗಿದ್ದರೆ ಗಾಬರಿ ಬೇಡ. ಅಂಚು ಮತ್ತು ಬಾಲ ನೋಡಿ.

ಗುರುತು ಸರಿ ಅನ್ನಿಸಿದರೆ ಆ ವಾರವೇ ದಾಖಲೆ ಮಾಡಿ. ಕ್ವಾರಿ ಸುದ್ದಿ ಇರುವಾಗ ದಾಖಲೆಯೇ ಮೊದಲ ಕಾವಲು. ಬಂಡೆಗೆ ಏಟು ಬಿದ್ದರೆ, ಮೊದಲು ಹೇಗಿತ್ತು ಎಂದು ತೋರಿಸುವುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಮೊಬೈಲ್ ಫೋನ್ ಸಾಕು. ಬಂಡೆಯ ನಾಲ್ಕು ಮೂಲೆಗಳ ಅಕ್ಷಾಂಶ-ರೇಖಾಂಶಗಳನ್ನು ದಶಮಾಂಶದಲ್ಲಿ, ಐದು ಸ್ಥಾನದವರೆಗೆ ಬರೆದುಕೊಳ್ಳಿ. ಐದನೆಯ ಸ್ಥಾನ ಎಂದರೆ ಸುಮಾರು ಒಂದು ಮೀಟರು. ಫೋನಿನ ಜಿಪಿಎಸ್ ಸ್ವತಃ ಮೂರರಿಂದ ಹತ್ತು ಮೀಟರು ಆಚೀಚೆ ಆಗುವುದರಿಂದ ಒಂದೇ ಜಾಗದಲ್ಲಿ ಎರಡು ಮೂರು ನಿಮಿಷ ನಿಂತು, ಬೇರೆ ಬೇರೆ ದಿನ ಮೂರು ಸಲ ಅಳೆದು ಸರಾಸರಿ ಹಿಡಿಯಿರಿ.

ಫೋಟೋಗಳನ್ನು ಎರಡು ಬಗೆಯಲ್ಲಿ ತೆಗೆಯಿರಿ. ಒಂದು ಬಗೆ ವಿವರಕ್ಕೆ. ಪ್ರತಿ ಮುಖ್ಯ ದಿಂಬಿನ ಪಕ್ಕ ಮೂವತ್ತು ಸೆಂಟಿಮೀಟರಿನ ಸ್ಕೇಲ್ ಇಟ್ಟು, ಉತ್ತರ ದಿಕ್ಕಿನ ಬಾಣ ಬರೆದ ಕಾಗದ ಇಟ್ಟು, ಮೇಲಿನಿಂದ ನೇರವಾಗಿ ಹೊಡೆಯಿರಿ. ಬಳಪದಲ್ಲೋ ಪೇಂಟಿನಲ್ಲೋ ಬಂಡೆಯ ಮೇಲೆ ನಂಬರು ಬರೆಯಬೇಡಿ, ಕಾಗದದ ಚೀಟಿ ಇಟ್ಟು ತೆಗೆಯಿರಿ. ಇನ್ನೊಂದು ಬಗೆ ಮೂರು ಆಯಾಮದ ಮಾದರಿ ಕಟ್ಟಲು. ಮೋಡ ಮುಸುಕಿದ ದಿನ, ನೆರಳಿಲ್ಲದಾಗ, ಬಂಡೆಯ ಸುತ್ತ ನಡೆಯುತ್ತ ಒಂದು ಫೋಟೋದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವಂತೆ ತೆಗೆದುಕೊಂಡು ಹೋಗಿ. ಸಣ್ಣ ಬಂಡೆಗೂ ನೂರೈವತ್ತು ಇನ್ನೂರು ಫೋಟೋ ಆಗುತ್ತವೆ. ಅವನ್ನು ಜೋಡಿಸುವ ಸಾಫ್ಟ್‌ವೇರ್ ಯಾವುದಾದರೂ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಸಿಗುತ್ತದೆ. ಈಗ ಜೋಡಿಸಲು ಆಗದಿದ್ದರೂ ಮೂಲ ಫೋಟೋಗಳನ್ನು ಕುಗ್ಗಿಸದೆ ಎರಡು ಕಡೆ ಇಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋದ ಹಾಗೆ ಕಳಿಸಿದರೆ ಗಾತ್ರವೂ ಹೋಗುತ್ತದೆ, ಒಳಗಿನ ಸ್ಥಳದ ಮಾಹಿತಿಯೂ ಹೋಗುತ್ತದೆ.

ಇದರ ಜೊತೆ ಐವತ್ತು ದಿಂಬುಗಳ ಉದ್ದ ಅಗಲ ಅಳೆದು, ಬಾಲಗಳ ದಿಕ್ಕು ದಿಕ್ಸೂಚಿಯಲ್ಲಿ ನೋಡಿ ಪಟ್ಟಿ ಮಾಡಿಸಿ. ಒಂಬತ್ತನೇ ತರಗತಿಯ ಮಕ್ಕಳು ಒಂದು ದಿನದಲ್ಲಿ ಮುಗಿಸುತ್ತಾರೆ. ಅರ್ಜಿಗೆ ಜೀವ ಬರುವುದು ಈ ಪಟ್ಟಿಯಿಂದ.

ಈಗ ನೆಲದ ವಿಷಯ. ಭೂಮಿ ವೆಬ್‌ಸೈಟಿನಲ್ಲಿ ಬಂಡೆ ಇರುವ ಸರ್ವೆ ನಂಬರಿನ ಪಹಣಿ ತೆಗೆಸಿ. ಮೂರನೇ ಕಾಲಂನಲ್ಲಿ ವಿಸ್ತೀರ್ಣ ಮತ್ತು ಖರಾಬು, ಒಂಬತ್ತರಲ್ಲಿ ಯಾರ ಹೆಸರು, ಹನ್ನೊಂದರಲ್ಲಿ ಋಣ-ಹಕ್ಕುಗಳು ನೋಡಿ. ಎ ಖರಾಬು ಎಂದಿದ್ದರೆ ಕಲ್ಲು-ಬಂಡೆಯಿಂದಾಗಿ ಸಾಗುವಳಿಗೆ ಬಾರದ ಜಾಗ ಎಂದರ್ಥ. ಬಿ ಖರಾಬು ಎಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಪಹಣಿಯ ಜೊತೆಗೆ ಗ್ರಾಮನಕ್ಷೆಯನ್ನೂ ತೆಗೆದುಕೊಂಡು, ಬಂಡೆ ಪೂರ್ತಿ ಒಂದೇ ಸರ್ವೆ ನಂಬರಿನಲ್ಲಿದೆಯೇ, ಪಕ್ಕದ ಹಿಡುವಳಿಗೂ ಚಾಚಿದೆಯೇ ನೋಡಿ. ಶಿಲೆಗೆ ಸರ್ವೆ ಕಲ್ಲಿನ ಗಡಿ ಗೊತ್ತಿಲ್ಲ. ಎಷ್ಟೋ ಸಲ ದಿಂಬುಗಳು ಚೆನ್ನಾಗಿ ಕಾಣುವ ಮುಖ ಗೋಮಾಳದಲ್ಲಿದ್ದು, ಅದೇ ಪದರದ ಮುಂದುವರಿಕೆ ಖಾಸಗಿ ಜಮೀನಿನಲ್ಲಿರುತ್ತದೆ.

ನೀವು ಹೇಳಿದಂತೆ ಅದು ಸರ್ಕಾರಿ ಗೋಮಾಳವೇ ಆಗಿದ್ದರೆ ಒಂದು ಒಳ್ಳೆಯ ದಾರಿ ಇದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 71ನೇ ಕಲಂ ಪ್ರಕಾರ ಯಾರ ಕಾನೂನುಬದ್ಧ ಸ್ವಾಧೀನದಲ್ಲೂ ಇಲ್ಲದ ಸರ್ಕಾರಿ ಜಮೀನನ್ನು ಊರ ದನಗಳ ಮೇವಿಗೆ, ಅರಣ್ಯಕ್ಕೆ ಅಥವಾ ಬೇರೆ ಸಾರ್ವಜನಿಕ ಉದ್ದೇಶಕ್ಕೆ ಜಿಲ್ಲಾಧಿಕಾರಿ ಕಾದಿರಿಸಬಹುದು. ಹಾಗೆ ಕಾದಿರಿಸಿದ ಮೇಲೆ ಅವರ ಮಂಜೂರಾತಿ ಇಲ್ಲದೆ ಬೇರೆ ಉಪಯೋಗಕ್ಕೆ ಬಳಸುವಂತಿಲ್ಲ. ‘ಸರ್ವೆ ನಂಬರು ಇಂಥದ್ದರಲ್ಲಿ ಇಷ್ಟು ಗುಂಟೆಯನ್ನು ಭೂವೈಜ್ಞಾನಿಕ ಶಿಲೆಯ ಸಂರಕ್ಷಣೆ ಮತ್ತು ಶಿಕ್ಷಣದ ಉದ್ದೇಶಕ್ಕೆ ಕಾದಿರಿಸಬೇಕು’ ಎಂದು ನೇರವಾಗಿ ಕೇಳಿ. ಇಡೀ ಗೋಮಾಳ ಕೇಳಬೇಡಿ. ಊರವರ ಅಂಜಿಕೆ ಹುಟ್ಟುವುದು ಅಲ್ಲಿಂದಲೇ, ಕಂದಾಯ ಇಲಾಖೆಯೂ ಹಿಂದೇಟು ಹಾಕುತ್ತದೆ. ಐವತ್ತು ಮೀಟರು ಉದ್ದ, ಮೂವತ್ತು ಮೀಟರು ಅಗಲದ ಬಂಡೆ ಎಂದರೆ ಸುಮಾರು ಹದಿನೈದು ಗುಂಟೆ. ಸುತ್ತ ಒಂದಿಷ್ಟು ಜಾಗ ಸೇರಿಸಿದರೂ ಒಂದು ಎಕರೆ ದಾಟುವುದಿಲ್ಲ.

ಕ್ವಾರಿ ಅರ್ಜಿಯ ಬಗ್ಗೆ ಮಾತಿನ ಮೇಲೆ ನಂಬಿಕೆ ಇಟ್ಟು ಗಲಾಟೆಗೆ ಇಳಿಯಬೇಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಎರಡೇ ಪ್ರಶ್ನೆ ಕೇಳಿ: ಈ ಸರ್ವೆ ನಂಬರುಗಳಲ್ಲಿ ಕಲ್ಲು ಗುತ್ತಿಗೆ ಇದೆಯೇ ಅಥವಾ ಅರ್ಜಿ ಬಾಕಿ ಇದೆಯೇ? ಇದ್ದರೆ ಅರ್ಜಿಯ ಜೊತೆಗಿನ ನಕ್ಷೆಯ ಪ್ರತಿ ಕೊಡಿ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಅದೇ ಹೊತ್ತಿಗೆ ತಹಸೀಲ್ದಾರರಿಗೂ ಜಿಲ್ಲಾಧಿಕಾರಿಗೂ ನಿಮ್ಮ ದಾಖಲೆಯ ಪ್ರತಿಯ ಸಮೇತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗುತ್ತಿಗೆ ಕೊಡುವ ಮುಂಚೆ ಕಂದಾಯ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಆ ಪತ್ರ ಬರೆಯುವಾಗ ನಿಮ್ಮ ಮನವಿ ಕಡತದಲ್ಲಿ ಇದ್ದರೆ ಅದಕ್ಕೆ ತೂಕವಿದೆ. ಪತ್ರ ಹೋದ ಮೇಲೆ ಕೊಟ್ಟರೆ ಅದು ಬರೀ ತಕರಾರು ಅನ್ನಿಸಿಕೊಳ್ಳುತ್ತದೆ.

ಹೆಚ್ಚಿನವರು ಗಮನಿಸದ ಇನ್ನೊಂದು ಬಾಗಿಲು ಜಿಲ್ಲಾ ಸಮೀಕ್ಷಾ ವರದಿ. 2016ರ ಪರಿಸರ ಸಚಿವಾಲಯದ ಅಧಿಸೂಚನೆಯ ನಂತರ ಕಲ್ಲು, ಮರಳಿನಂಥ ಉಪಖನಿಜಗಳಿಗೆ ಪ್ರತಿ ಜಿಲ್ಲೆಯಲ್ಲೂ ಇಂಥ ವರದಿ ಸಿದ್ಧವಾಗಬೇಕು. ಕರಡನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿಯೂ ಜಿಲ್ಲೆಯ ವೆಬ್‌ಸೈಟಿನಲ್ಲಿಯೂ 21 ದಿನ ಸಾರ್ವಜನಿಕರ ಅಭಿಪ್ರಾಯಕ್ಕೆ ಇಡಬೇಕು. ಆ 21 ದಿನದಲ್ಲಿ ನಿಮ್ಮ ಬಂಡೆಯ ಸರ್ವೆ ನಂಬರನ್ನು ಕಲ್ಲು ತೆಗೆಯಬಾರದ ಜಾಗಗಳ ಸಾಲಿಗೆ ಸೇರಿಸಿ ಎಂದು ಲಿಖಿತವಾಗಿ ಕೊಡಿ.

ಕ್ವಾರಿ ಪಕ್ಕದ ಸರ್ವೆ ನಂಬರಿನಲ್ಲೇ ಬಂದುಬಿಟ್ಟರೆ? ಆಗ ವಾದಿಸಬೇಕಾದದ್ದು ಅಂತರ ಮತ್ತು ಸಿಡಿತದ ತೀವ್ರತೆಯ ಬಗ್ಗೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಚಾರಿತ್ರಿಕ ಮಹತ್ವದ ಹಾಗೂ ಸೂಕ್ಷ್ಮ ರಚನೆಗಳ ಬಳಿ ನೆಲ ಕಂಪಿಸುವ ವೇಗಕ್ಕೆ ಮಿತಿ ಹೇಳುತ್ತದೆ: ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದರೆ ಸೆಕೆಂಡಿಗೆ 2 ಮಿಲಿಮೀಟರು, 8ರಿಂದ 25ರವರೆಗೆ 5 ಮಿಲಿಮೀಟರು, ಅದಕ್ಕೂ ಮೇಲಿದ್ದರೆ 10 ಮಿಲಿಮೀಟರು. ಈ ಅಂಕಿ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಗಟ್ಟಿ ಬಂಡೆ ಇದಕ್ಕಿಂತ ಹೆಚ್ಚು ತಡೆಯುತ್ತದೆ ನಿಜ. ಆದರೆ ಮೊದಲೇ ಸೀಳು ಬಿಟ್ಟ ದಿಂಬುಗಳ ಅಂಚು ಸಡಿಲವಾಗಲು, ಹಾರಿಬಂದ ಕಲ್ಲು ಬಡಿದು ಚಕ್ಕೆ ಏಳಲು ಅಷ್ಟು ಬೇಕಿಲ್ಲ. ಷರತ್ತಾಗಿ ಹಾಕಿಸಲು ಈ ಸುತ್ತೋಲೆಯ ಅಂಕಿಗಳನ್ನೇ ಮುಂದಿಡಿ. ಸುತ್ತೋಲೆಯಲ್ಲಿ ಇರುವ ಅಂಕಿಯನ್ನು ಅಧಿಕಾರಿ ಸುಲಭವಾಗಿ ಬರೆಯಬಲ್ಲರು.

ಎಲ್ಲ ಕ್ವಾರಿಯೂ ವೈರಿ ಅಲ್ಲ ಎಂಬುದನ್ನೂ ಹೇಳಬೇಕು. ಭೂವಿಜ್ಞಾನದ ತಾಣಗಳಲ್ಲಿ ಎರಡು ಬಗೆ. ಒಂದರಲ್ಲಿ ಅದೇ ಪದರ ನೆಲದಡಿ ದೂರದವರೆಗೆ ಹಬ್ಬಿರುತ್ತದೆ, ಕೊರೆದಷ್ಟೂ ಹೊಸ ಮುಖ ಕಾಣುತ್ತದೆ. ತಿರುಮಲ ಘಾಟಿ ರಸ್ತೆಯಲ್ಲಿ ನಮ್ಮವರು ಬಸ್ಸಿನ ಕಿಟಕಿಯಿಂದ ನೋಡಿಕೊಂಡೇ ಹೋಗುವ ಪ್ರಸಿದ್ಧ ಸಂಧಿ, ಕೆಳಗಿನ ಹಳೆಯ ಶಿಲೆಗೂ ಮೇಲಿನ ಮರಳುಗಲ್ಲಿಗೂ ನಡುವೆ ಸುಮಾರು 80 ಕೋಟಿ ವರ್ಷಗಳ ಶಿಲೆಯೇ ಇಲ್ಲದ ಗೆರೆ, ಚೆನ್ನಾಗಿ ಕಾಣುವುದು ರಸ್ತೆಗಾಗಿ ಗುಡ್ಡ ಕಡಿದ ಕಡೆ. ಇನ್ನೊಂದು ಬಗೆಯಲ್ಲಿ ಇರುವುದೇ ಇಷ್ಟು, ಹೋದರೆ ಹೋಯಿತು. ನಿಮ್ಮದು ಎರಡನೆಯದು. ಗಾಳಿ ಮಳೆಗೆ ಕೋಟ್ಯಂತರ ದಿನ ಒಡ್ಡಿಕೊಂಡು ದಿಂಬಿನ ಅಂಚು ಒಂದೆರಡು ಮಿಲಿಮೀಟರು ಎದ್ದು ನಿಂತಿದೆ. ಹೊಸದಾಗಿ ಒಡೆದ ಮುಖದಲ್ಲಿ ಅದು ಬರೀ ಕರೀ ಕಲ್ಲು, ದಿಂಬು ಕಾಣುವುದೇ ಕಷ್ಟ. ‘ಪಕ್ಕದಲ್ಲಿ ಅದೇ ಕಲ್ಲು ಬೇಕಾದಷ್ಟಿದೆ’ ಎಂಬ ವಾದ ಬಂದರೆ ಉತ್ತರವಾಗಿ ಈ ಎದ್ದು ನಿಂತ ಅಂಚನ್ನೇ ತೋರಿಸಿ.

ಮನವಿಯ ಜೊತೆ ಒಂದು ಪುಟದ ಮಹತ್ವದ ಟಿಪ್ಪಣಿ ಬೇಕು. ಅದರಲ್ಲಿ ಹೊಗಳಿಕೆ ಬೇಡ, ಹೋಲಿಕೆ ಇರಲಿ. ಮರಡಿಹಳ್ಳಿಯಲ್ಲಿ ಕಾಣದ ಯಾವುದು ಇಲ್ಲಿ ಕಾಣುತ್ತದೆ? ದಿಂಬುಗಳು ಕಡಿಮೆ ನಜ್ಜಾಗಿವೆಯೇ? ಬಾಲಗಳ ದಿಕ್ಕು ಸ್ಪಷ್ಟವಿದೆಯೇ? ದಿಂಬಿನ ಪದರದ ಮೇಲೆ ಯಾವ ಶಿಲೆ ಕೂತಿದೆ, ಆ ಗೆರೆ ಕಾಣುತ್ತದೆಯೇ? ಶಾಲೆಯಿಂದ ಎಷ್ಟು ದೂರ, ದಾರಿ ಹೇಗಿದೆ? ಇದನ್ನು ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರಿಗೆ ತೋರಿಸಿ ತಿದ್ದಿಸಿ, ಅವರ ಸಹಿ ಇರುವ ಪತ್ರ ಪಡೆಯಿರಿ. ಆಮೇಲೆ ಬೆಂಗಳೂರಿನಲ್ಲಿರುವ ಜಿಎಸ್‌ಐ ಕರ್ನಾಟಕ-ಗೋವಾ ಘಟಕಕ್ಕೆ ಕಳಿಸಿ, ಪ್ರತಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡಿ. 1958ರಿಂದ ಬೆಂಗಳೂರಿನಲ್ಲಿರುವ ಜಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾಕ್ಕೂ ಬರೆಯಿರಿ. ನಿಮ್ಮ ಬಂಡೆ ರಾಷ್ಟ್ರೀಯ ಪಟ್ಟಿಗೆ ಏರದಿದ್ದರೂ, ಜಿಎಸ್‌ಐ ತಂಡ ಬಂದು ನೋಡಿ ‘ಇದು ವೈಜ್ಞಾನಿಕ ಮೌಲ್ಯದ ತಾಣ’ ಎಂದು ಒಂದು ಪತ್ರ ಬರೆದರೆ 71ನೇ ಕಲಂನ ಕಡತಕ್ಕೆ ಅದೇ ಬಲ.

ಕಾನೂನಿನ ಬಗ್ಗೆ ಎರಡು ಭ್ರಮೆ ಬಿಡಬೇಕು. ಪುರಾತತ್ವ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಎಂಬ ನಿಯಮ 1958ರ ಕೇಂದ್ರ ಕಾಯ್ದೆಯಡಿ ರಕ್ಷಿತವಾದ ಸ್ಮಾರಕಗಳಿಗೆ ಮಾತ್ರ. ಮನುಷ್ಯ ಮಾಡಿದ ಗುರುತಿಲ್ಲದ ಬರೀ ಶಿಲೆಗೆ ಅದು ತಾನಾಗಿ ಬರುವುದಿಲ್ಲ. ನಿಮ್ಮ ಬಂಡೆಯಲ್ಲಿ ಕುಟ್ಟುಚಿತ್ರಗಳೋ, ಕಲ್ಲು ಕೊಡಲಿ ಉಜ್ಜಿದ ತೋಡುಗಳೋ, ಶಾಸನವೋ ಇದ್ದರೆ ಮಾತು ಬೇರೆ. ಆಗ ರಾಜ್ಯ ಪುರಾತತ್ವ ಇಲಾಖೆಗೆ ತಪ್ಪದೆ ತಿಳಿಸಿ. ಎರಡನೆಯದು, ಗಣಿ ಸಚಿವಾಲಯ 2022ರ ಡಿಸೆಂಬರಿನಲ್ಲಿ ಭೂ-ಪಾರಂಪರಿಕ ತಾಣಗಳ ಸಂರಕ್ಷಣೆಗೆ ಒಂದು ಮಸೂದೆಯ ಕರಡನ್ನು ಜನರ ಮುಂದಿಟ್ಟಿತು. ತಾಣ ಹಾಳು ಮಾಡಿದವರಿಗೆ ಜೈಲು, ದಂಡ ಎಲ್ಲ ಅದರಲ್ಲಿದೆ. ಕರಡು ಹಿಡಿದುಕೊಂಡು ಕ್ವಾರಿಯವರ ಮುಂದೆ ನಿಲ್ಲಲು ಆಗುವುದಿಲ್ಲ. ಜೀವವೈವಿಧ್ಯ ಕಾಯ್ದೆ, 2002ರ 37ನೇ ಕಲಂ ಮಾತ್ರ ಕೆಲವೊಮ್ಮೆ ಕೈಹಿಡಿಯುತ್ತದೆ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆತೋಪು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಅದರಡಿ. ಬಂಡೆಯ ಸಂದಿಗಳಲ್ಲಿ ಅಪರೂಪದ ಗಿಡ, ಹಲ್ಲಿ, ಹಕ್ಕಿ ಇದ್ದರೆ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿಡಿ.

ಊರವರ ಅಂಜಿಕೆಗೆ ಬರೋಣ. ಅದು ನ್ಯಾಯವಾದ ಅಂಜಿಕೆ, ಜಾಣತನದಿಂದ ತಳ್ಳಿಹಾಕುವಂಥದ್ದಲ್ಲ. ದನ-ಕುರಿಯ ಗೊರಸಿನಿಂದ ಈ ಶಿಲೆಗೆ ಹೇಳಿಕೊಳ್ಳುವಂಥ ಹಾನಿ ಇಲ್ಲ. ಹಾಸುಬಂಡೆಯ ಮೇಲೆ ರಾಗಿ ಹರವಿ ಒಣಗಿಸಿದರೂ ಇಲ್ಲ. ಹಾನಿ ಮಾಡುವುದು ಬೆಂಕಿ. ಕಲ್ಲು ಒಡೆಯುವವರು ಬಂಡೆಯ ಮೇಲೆ ಕಟ್ಟಿಗೆ ಉರಿಸಿ ಚಪ್ಪಡಿ ಎಬ್ಬಿಸುವುದು ಅವರಿಗೂ ಗೊತ್ತು. ಮೇಲ್ಪದರ ಬಿಸಿಗೆ ಹಿಗ್ಗಿ ತಣ್ಣನೆಯ ಒಳಪದರದಿಂದ ಬಿಟ್ಟುಕೊಳ್ಳುತ್ತದೆ. ಕುರಿಗಾಹಿಗಳು ಚಳಿಗೆ ಹಾಕುವ ಬೆಂಕಿ, ಪ್ರವಾಸಕ್ಕೆ ಬಂದವರ ಅಡುಗೆ ಒಲೆ ಮಾಡುವುದೂ ಅದನ್ನೇ, ಸಣ್ಣ ಪ್ರಮಾಣದಲ್ಲಿ. ಆದ್ದರಿಂದ ಗ್ರಾಮಸಭೆಯಲ್ಲಿ ‘ಮೇವು, ದಾರಿ, ಒಕ್ಕಣೆ ಈಗಿನಂತೆಯೇ, ಬೆಂಕಿ ಇಲ್ಲ, ಉಳಿ-ಸುತ್ತಿಗೆ ಇಲ್ಲ, ಪೇಂಟ್ ಇಲ್ಲ’ ಎಂದು ಬಿಡಿಸಿ ಬರೆದು ನಿರ್ಣಯ ಮಾಡಿಸಿ. ಮನೆ ಪಾಯಕ್ಕೆ ಕಲ್ಲು ತರುವ ರೂಢಿ ಇದ್ದರೆ ಬೇರೆ ಜಾಗವನ್ನು ಅದೇ ನಿರ್ಣಯದಲ್ಲಿ ಹೆಸರಿಸಿ. ಬಂಡೆಯ ಮೇಲೆ ಚೌಡಮ್ಮನೋ ಭೂತಪ್ಪನೋ ಇದ್ದರೆ ಅರ್ಚಕರನ್ನು ಮೊದಲ ದಿನದಿಂದಲೇ ಜೊತೆ ಮಾಡಿಕೊಳ್ಳಿ. ದೇವರಿರುವ ಬಂಡೆಗೆ ಸಮ್ಮಟಿಗೆ ಹಾಕಲು ಜನ ಹಿಂಜರಿಯುತ್ತಾರೆ. ಕೇಳಿಕೊಳ್ಳಬೇಕಾದದ್ದು ಇಷ್ಟೇ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಗುಡಿಯ ಕಲ್ಲಿಗೆ ಇರಲಿ, ದಿಂಬುಗಳಿಗೆ ಬೇಡ. ಸಿಮೆಂಟ್ ಕಟ್ಟೆ ಬೇಡ.

ಬೇಲಿ ಹಾಕುವ ಮುನ್ನ ಸುತ್ತಲೂ ಒಮ್ಮೆ ಮಳೆಯಲ್ಲಿ ನಡೆದು ನೋಡಿ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂಬುದು ಬೇಲಿಗಿಂತ ಮುಖ್ಯ. ಮೇಲಿನ ಹೊಲದ ಮಣ್ಣು ಹರಿದುಬಂದು ಎರಡು ಮೂರು ವರ್ಷದಲ್ಲಿ ಬಂಡೆಯ ಬುಡ ಮುಚ್ಚಿಬಿಡುವುದು ಸಾಮಾನ್ಯ. ಮೇಲ್ಬದಿಯಲ್ಲಿ ಒಂದಡಿ ಆಳದ ಬಾಗುಗಾಲುವೆ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸಿ. ಕಂಬಗಳನ್ನು ಬಂಡೆಯ ಅಂಚಿನಿಂದ ಕನಿಷ್ಠ ಐದು ಮೀಟರು ಹೊರಗೆ, ಮಣ್ಣಿನಲ್ಲೇ ನೆಡಬೇಕು. ಬಂಡೆಗೆ ತೂತು ಕೊರೆದು ಕಬ್ಬಿಣದ ಪೈಪು ಸಿಮೆಂಟಿನಲ್ಲಿ ಕೂರಿಸಿದರೆ ಕಬ್ಬಿಣ ತುಕ್ಕು ಹಿಡಿದು ಹಿಗ್ಗಿ ತೂತಿನಿಂದ ಸುತ್ತ ಸೀಳು ಬಿಡುತ್ತದೆ, ಕಂದು ಕಲೆ ಇಳಿಯುತ್ತದೆ. ನಿಮ್ಮ ಕಡೆ ತೋಟಕ್ಕೆ ನೆಡುವ ಆರಡಿ ಕಲ್ಲುಕಂಬವೇ ಸಾಕು, ಒಂದೂವರೆಯಿಂದ ಎರಡಡಿ ನೆಲದೊಳಗೆ. ಮೇಲೆ ಹೇಳಿದ ಅಳತೆಯ ಬಂಡೆಗೆ ಐದು ಮೀಟರು ಬಿಟ್ಟು ಸುತ್ತಿದರೆ 200 ಮೀಟರು ಬೇಲಿ ಆಗುತ್ತದೆ, ಎರಡೂವರೆ ಮೀಟರಿಗೊಂದರಂತೆ 80 ಕಂಬ. ಎತ್ತರದ ಗೋಡೆ ಬೇಡ. ಒಳಗೆ ಏನು ನಡೆಯುತ್ತಿದೆ ಎಂದು ದಾರಿಹೋಕರಿಗೆ ಕಾಣುತ್ತಿರಬೇಕು, ಅದೇ ಕಾವಲು. ಕುರಿ ನುಗ್ಗಲು ಒಂದು ತೆರಪನ್ನೂ ಬಿಡಿ. ಹುಲ್ಲು ಅವೇ ಮೇಯ್ದು ಬಂಡೆ ತೆರೆದಿಡುತ್ತವೆ.

ಬಳ್ಳಾರಿ ಜಾಲಿ ಸಂದಿಯಲ್ಲಿ ಬೇರು ಬಿಟ್ಟಿದ್ದರೆ ಎಳೆದು ಕೀಳಬೇಡಿ. ಬೇರಿನ ಜೊತೆ ದಿಂಬಿನ ಅಂಚೂ ಕಿತ್ತುಬರುತ್ತದೆ. ಬುಡಕ್ಕೆ ಸರಿಯಾಗಿ ಕೈಗರಗಸದಲ್ಲಿ ಕೊಯ್ದು, ಚಿಗುರಿದಾಗಲೆಲ್ಲ ಮತ್ತೆ ಕೊಯ್ಯಿರಿ. ಕಲ್ಲುಹೂವನ್ನು ಕೆರೆಯುವ ಅಗತ್ಯವಿಲ್ಲ. ಮಕ್ಕಳಿಗೆ ತೋರಿಸಲು ಒಂದು ಮೀಟರು ಅಗಲದ ಪಟ್ಟಿಯೊಂದನ್ನು ನೀರು ಮತ್ತು ನೈಲಾನ್ ಬ್ರಷ್ಷಿನಲ್ಲಿ ತೊಳೆದಿಟ್ಟರೆ ಸಾಕು. ಬುಡದ ಮಣ್ಣು ಸರಿಸಲು ಮರದ ಪಟ್ಟಿ, ಪೊರಕೆ ಬಳಸಿ. ಜೆಸಿಬಿ ಬಿಡಲೇಬಾರದು. ಅದರ ಬಕೆಟ್ಟಿನ ಹಲ್ಲು ಎಳೆದ ಸಮಾನಾಂತರ ಗೀರುಗಳು ಮತ್ತೆ ಮಾಸುವುದಿಲ್ಲ, ಮುಂದೆ ನೋಡಿದವರು ಅದನ್ನು ಪ್ರಕೃತಿಯ ಗುರುತೆಂದೇ ಓದುತ್ತಾರೆ.

ಈಗಾಗಲೇ ಯಾರಾದರೂ ಹೆಸರು ಬರೆದಿದ್ದರೆ ಆ್ಯಸಿಡ್ ಹಾಕಬೇಡಿ. ದಿಂಬಿನ ಬಿಳಿ ಚುಕ್ಕೆಗಳಲ್ಲಿ ಸುಣ್ಣದ ಖನಿಜವಿದ್ದರೆ ಆ್ಯಸಿಡ್ ಬಿದ್ದ ಗಳಿಗೆಯಲ್ಲೇ ನೊರೆಯೆದ್ದು ಕರಗುತ್ತದೆ. ಚುಕ್ಕೆ ಇದ್ದ ಕಡೆ ತೂತು ಉಳಿಯುತ್ತದೆ. ತಂತಿಬ್ರಷ್ಷು ಕಬ್ಬಿಣದ ಪುಡಿ ಬಿಟ್ಟು ತುಕ್ಕಿನ ಕಲೆ ಮಾಡುತ್ತದೆ, ಮರಳು ಸಿಡಿಸಿ ತೊಳೆಯುವ ಯಂತ್ರ ನುಣುಪಂಚನ್ನೇ ಸವೆಸುತ್ತದೆ. ಸುಣ್ಣದ ಬರಹ ನೀರಿಗೇ ಹೋಗುತ್ತದೆ, ಸಾವಧಾನ ಬೇಕು. ಎಣ್ಣೆ ಪೇಂಟಾದರೆ ಪೇಂಟ್ ತೆಗೆಯುವ ದ್ರಾವಣವನ್ನು ಜೇಡಿಮಣ್ಣಿನಲ್ಲೋ ಕಾಗದದ ತಿರುಳಿನಲ್ಲೋ ಕಲಸಿ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ, ಬಣ್ಣ ಹೀರಿದ ಮೇಲೆ ಎತ್ತಬೇಕು. ಅದನ್ನೂ ಮೊದಲು ಕಾಣದ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಮಾಡಿ, ಒಂದು ವಾರ ಬಿಟ್ಟು ನೋಡಿ ಮುಂದುವರಿಯಿರಿ.

ತಾಣದ ಹೆಸರು ಹರಡಿದ ಮೇಲೆ ಬರುವ ಅಪಾಯ ಬೇರೆ. ಅದು ತಿಳಿದವರಿಂದಲೇ ಬರುತ್ತದೆ. ಕಾಲೇಜಿನ ಬಸ್ಸು ಬಂದು ನಲವತ್ತು ಮಕ್ಕಳು ಇಳಿದು ತಲೆಗೊಂದು ತುಣುಕು ಒಡೆದುಕೊಂಡರೆ, ಅತ್ಯುತ್ತಮ ದಿಂಬಿನ ಅಂಚೇ ಮೊದಲು ಹೋಗುತ್ತದೆ. ಚಾಚಿಕೊಂಡಿರುವುದು, ಸುಲಭವಾಗಿ ಒಡೆಯುವುದು ಅದೇ. ತಾಣದಲ್ಲಿ ಸುತ್ತಿಗೆ ಇಲ್ಲ ಎಂಬ ನಿಯಮ ಎಲ್ಲರಿಗೂ ಒಂದೇ ಇರಲಿ, ಪ್ರಾಧ್ಯಾಪಕರಿಗೂ. ಮಾದರಿ ಬೇಕಾದವರು ಬುಡದಲ್ಲಿ ಬಿದ್ದ ಚೂರುಗಳಿಂದ ತೆಗೆದುಕೊಳ್ಳಲಿ. ಸಂಶೋಧನೆಗೆ ನಿಜವಾಗಿ ಕೊರೆಯಲೇಬೇಕು ಎಂದಾದರೆ ಪಂಚಾಯಿತಿಗೂ ಶಾಲೆಗೂ ಲಿಖಿತ ಅರ್ಜಿ ಕೊಡಲಿ, ನೀವು ತೋರಿಸಿದ ಹಿಂಬದಿಯಲ್ಲಿ ಕೊರೆಯಲಿ. ಕಾಂತಗುಣ ಅಳೆಯುವವರು ತೆಗೆಯುವ ತೂತು ಸುಮಾರು ಇಪ್ಪತ್ತೈದು ಮಿಲಿಮೀಟರು ಅಗಲದ್ದು, ದುಂಡಗೆ ಕಣ್ಣಿಗೆ ಹೊಡೆಯುತ್ತದೆ. ತೆಗೆದ ಕಲ್ಲಿನ ಮೇಲ್ತುದಿಯ ಬಿಲ್ಲೆಯನ್ನು ಕತ್ತರಿಸಿ ಅದೇ ತೂತಿಗೆ ಸುಣ್ಣದ ಗಾರೆಯಲ್ಲಿ ಕೂರಿಸಿ ಹೋಗಬೇಕೆಂದು ಷರತ್ತು ಹಾಕಿ. ಹಾಗೆ ಮುಚ್ಚಿದರೆ ಹತ್ತಿರ ಹೋದರೂ ತಟ್ಟನೆ ಕಾಣುವುದಿಲ್ಲ.

‘ಅಭಿವೃದ್ಧಿ’ ಅನುದಾನ ಬಂದಾಗಲೂ ಎಚ್ಚರ. ಬಂಡೆಯ ಸುತ್ತ ಇಂಟರ್‌ಲಾಕ್ ಟೈಲ್ಸು, ಸಿಮೆಂಟ್ ಬೆಂಚು, ಬಂಡೆಯ ಮೇಲೇ ಮೆಟ್ಟಿಲು, ಬಣ್ಣದ ದೀಪ ಇವೆಲ್ಲ ಅಂದಾಜುಪಟ್ಟಿಯಲ್ಲಿ ಸಲೀಸಾಗಿ ಸೇರಿಕೊಳ್ಳುತ್ತವೆ. ಪಟ್ಟಿ ತಯಾರಾಗುವ ಹೊತ್ತಿಗೇ ಎಂಜಿನಿಯರನ್ನು ಸ್ಥಳಕ್ಕೆ ಕರೆದು, ಬೇಲಿಯ ಒಳಗೆ ಯಾವ ಕಾಮಗಾರಿಯೂ ಇಲ್ಲ ಎಂದು ಬರೆಸಿ. ಹಣ ಕಾಲುವೆಗೆ, ಕಂಬಕ್ಕೆ, ದಾರಿಗೆ ಹೋಗಲಿ.

ಬೋರ್ಡು ಕೊನೆಗೆ. ಫ್ಲೆಕ್ಸು ನಿಮ್ಮ ಬಿಸಿಲಿಗೆ ಬಹಳ ದಿನ ತಾಳುವುದಿಲ್ಲ. ನಾಲ್ಕಡಿ-ಮೂರಡಿಯ ಚಪ್ಪಡಿಯ ಮೇಲೆ ಕೆತ್ತಿಸಿ, ಬೇಲಿಯ ಹೊರಗೆ ನಿಲ್ಲಿಸಿ. ಕನ್ನಡ ಮೊದಲು, ನೂರು ಪದ ಮೀರದಂತೆ, ಒಂದೇ ಒಂದು ರೇಖಾಚಿತ್ರ: ಉಬ್ಬು ಮೇಲೆ, ಬಾಲ ಕೆಳಗೆ, ಅಂಚು ಸುತ್ತ. ನೋಡುವವರು ಚಿತ್ರ ನೋಡಿ ಬಂಡೆಯಲ್ಲಿ ಅದನ್ನು ಹುಡುಕುವಂತಿರಬೇಕು. ಜಿಎಸ್‌ಐ ಪತ್ರ ಬರುವವರೆಗೆ ‘ರಾಷ್ಟ್ರೀಯ ಸ್ಮಾರಕ’ ಎಂದು ಬರೆಯಬೇಡಿ.

ಆಮೇಲಿನ ಕೆಲಸ ವರ್ಷಕ್ಕೆ ಎರಡು ದಿನದ್ದು. ಮುಂಗಾರಿಗೆ ಮುಂಚೆ ಮೇ ಕೊನೆಯಲ್ಲಿ ಒಂದು ಸಲ, ಮಳೆ ನಿಂತ ಮೇಲೆ ಡಿಸೆಂಬರಿನಲ್ಲಿ ಒಂದು ಸಲ, ಅದೇ ಆರು ಜಾಗಗಳಲ್ಲಿ ನಿಂತು ಅದೇ ಆರು ಫೋಟೋ. ನಿಲ್ಲುವ ಜಾಗಕ್ಕೆ ಬೇಲಿಯ ಕಂಬದ ನಂಬರನ್ನೇ ಗುರುತಾಗಿಟ್ಟುಕೊಳ್ಳಿ. ಹಿಂದಿನ ಫೋಟೋದ ಪ್ರತಿಯನ್ನು ಕೈಯಲ್ಲಿ ಹಿಡಿದು ಹೋಲಿಸಿ, ಹೊಸ ಚಕ್ಕೆ, ಹೊಸ ಬರಹ, ಏರಿದ ಮಣ್ಣು, ಬೇರು ಬಿಟ್ಟ ಗಿಡ ಇವನ್ನು ಒಂದು ನೋಟ್‌ಪುಸ್ತಕದಲ್ಲಿ ತಾರೀಕು ಹಾಕಿ ಬರೆಸಿ. ಪುಸ್ತಕ ನಿಮ್ಮ ಮನೆಯಲ್ಲಿ ಬೇಡ, ಶಾಲೆಯ ಬೀರುವಿನಲ್ಲಿರಲಿ. ನಿಮಗೆ ವರ್ಗವಾದರೂ ಮುಂದೆ ಬರುವ ಮೇಷ್ಟ್ರಿಗೆ ಅದು ಸಿಗಬೇಕು.